ಕೂಗಳತೆಯ ಊರು

ಕನ್ನಡದಲ್ಲಿ ದೂರವನ್ನು ಸೂಚಿಸುವ ಹಳೆಯ ಮಾತುಗಳಲ್ಲಿ ‘ಕೂಗಳತೆ’ ಎಂಬುದು ಒಂದು. ಕೂಗು ಮತ್ತು ಅಳತೆ ಎಂಬ ಎರಡು ಪದಗಳು ಕೂಡಿ, ಪೂರ್ವಪದದ ಕೊನೆಯ ಉಕಾರವು ಲೋಪವಾಗಿ ಆದ ಸಮಾಸವಿದು. ಒಬ್ಬನು ತನ್ನ ಮನೆಯ ಜಗಲಿಯ ಮೇಲೆ ನಿಂತು ಕೂಗಿದರೆ ಮತ್ತೊಬ್ಬನಿಗೆ ಕೇಳಿಸುವಷ್ಟು ದೂರವೆಂದು ಇದರ ಅರ್ಥ. ಗೇಣು, ಮೊಳ, ಮಾರುಗಳು ಕೈಯ ಅಳತೆಗಳು. ಹೆಜ್ಜೆಯು ಕಾಲಿನ ಅಳತೆ. ಹರದಾರಿ, ಗಾವುದಗಳು ದಾರಿ ನಡೆಯುವವನ ಅಳತೆಗಳು. ಕೂಗಳತೆಯಾದರೋ ಕೊರಳು ಕಿವಿಗಳ ಅಳತೆ. ಮಿಕ್ಕ ಅಳತೆಗಳಿಗೆ ಒಬ್ಬನೇ ಮನುಷ್ಯ ಸಾಕು. ಇದಕ್ಕೆ ಮಾತ್ರ ಇಬ್ಬರು ಬೇಕು, ಕರೆಯುವವನೊಬ್ಬ, ಓಗೊಡುವವನೊಬ್ಬ. ನಿಘಂಟುಗಳು ಇದನ್ನು ದೂರವಾಚಕವೆಂದಷ್ಟೆ ಹೇಳಿ ಮುಂದೆ ಸಾಗುತ್ತವೆಯಾದರೂ ಇದರೊಳಗೆ ಒಂದು ಊರಿನ ಕಲ್ಪನೆಯೇ ಅಡಗಿದೆಯೆಂಬುದು ನನ್ನ ಅಭಿಪ್ರಾಯ. ಆ ಕಲ್ಪನೆಯನ್ನು ನಮ್ಮ ಸೀಮೆಯ ನಾಲ್ಕು ಊರುಗಳಾದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳೊಡನೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ವ್ಯಾಕರಣ ಹೇಳುವವನಿಗೆ ಪಟ್ಟಣ ಕಟ್ಟುವ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣ, ತರಗತಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ. ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ನಾನು ಶಾಲೆಗೆ ಬರುವ ದಾರಿ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿಸಿದೆ. ನಡೆದು ಬರುವ ಮಕ್ಕಳು ಎರಡು ಪುಟ ಬರೆದಿದ್ದರು. ಹೂವಿನಂಗಡಿಯ ಅಜ್ಜಿ, ಚರಂಡಿಯ ಮೇಲೆ ಕದಲುವ ಚಪ್ಪಡಿ, ಗುಡಿಯ ಹಿಂದಣ ನೇರಳೆಯ ಮರ, ಯಾವ ಮನೆಯ ನಾಯಿ ಬೊಗಳುತ್ತದೆ, ಯಾವುದು ಬೊಗಳುವುದಿಲ್ಲ, ಎಲ್ಲವೂ ಅದರಲ್ಲಿತ್ತು. ಕಾಗುಣಿತ ತಪ್ಪಿತ್ತು, ಆದರೆ ಲೋಕ ತುಂಬಿತ್ತು. ವಾಹನದಲ್ಲಿ ಬರುವ ಮಕ್ಕಳು ನಾಲ್ಕು ಸಾಲು ಬರೆದಿದ್ದರು: ಮನೆಯ ಮುಂದೆ ಗಾಡಿ ಬರುತ್ತದೆ, ಹತ್ತುತ್ತೇನೆ, ಶಾಲೆಯ ಮುಂದೆ ಇಳಿಯುತ್ತೇನೆ. ಅವರಲ್ಲೊಬ್ಬ ಹುಡುಗನ ಮನೆ ಶಾಲೆಯಿಂದ ಅರ್ಧ ಮೈಲಿಯೂ ಇಲ್ಲ. ನಡೆದು ಬರಬಾರದೇಕೆಂದು ಕೇಳಿದ್ದಕ್ಕೆ, ರಸ್ತೆ ದಾಟಿಸುವವರಿಲ್ಲ, ಬದಿಯಲ್ಲಿ ನಡೆಯಲು ಜಾಗವಿಲ್ಲ, ತಾಯಿಗೆ ಹೆದರಿಕೆ ಎಂದ. ಭಾಷೆಯ ಬಡತನವೆಂದು ಕೆಂಪು ಶಾಯಿಯಲ್ಲಿ ಬರೆಯಹೊರಟಿದ್ದ ನಾನು ಏನನ್ನೂ ಬರೆಯದೆ ಪುಸ್ತಕ ಹಿಂದಿರುಗಿಸಿದೆ.

ಇದು ಪ್ರಬಂಧಕ್ಕೆ ಮಾತ್ರ ಸೇರಿದ ಮಾತಲ್ಲ. ಐದರಿಂದ ಹದಿನೇಳು ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ ೬೦ ನಿಮಿಷ, ವಯಸ್ಕರಿಗೆ ವಾರಕ್ಕೆ ಕನಿಷ್ಠ ೧೫೦ ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ಸಂತೆಗೆ, ಹೊಲಕ್ಕೆ, ಗುಡಿಗೆ, ನೀರಿಗೆ ನಡೆದೇ ಹೋಗಬೇಕಾಗಿತ್ತು. ವ್ಯಾಯಾಮವೆಂಬುದು ಬೇರೆಯಾಗಿ ಇರಲಿಲ್ಲ. ಇಂದು ಬೈಕಿನಲ್ಲಿ ಉದ್ಯಾನಕ್ಕೆ ಹೋಗಿ, ಅಲ್ಲಿ ಸುತ್ತು ಹಾಕಿ, ಮತ್ತೆ ಬೈಕಿನಲ್ಲಿ ಮನೆಗೆ ಬರುವ ಗೃಹಸ್ಥರನ್ನು ನಾವು ದಿನವೂ ಕಾಣುತ್ತೇವೆ. ಅವರನ್ನು ನಗೆಯಾಡುವುದು ಸುಲಭ. ಆದರೆ ಮನೆಯಿಂದ ಉದ್ಯಾನದವರೆಗಿನ ಬೀದಿ ನಡೆಯಲು ಯೋಗ್ಯವಾಗಿಲ್ಲದಿದ್ದರೆ ಅವರು ಮಾಡುವುದಾದರೂ ಏನು?

ಪಾಶ್ಚಾತ್ಯರಲ್ಲಿ ಈ ವಿಚಾರವನ್ನು ಮೊದಲು ಲೆಕ್ಕಕ್ಕೆ ಇಳಿಸಿದವರಲ್ಲಿ ಕ್ಲಾರೆನ್ಸ್ ಪೆರಿ ಎಂಬ ಅಮೆರಿಕದ ಚಿಂತಕ ಮುಖ್ಯನು. ನ್ಯೂಯಾರ್ಕ್ ಪ್ರಾಂತದ ಯೋಜನೆಗಾಗಿ ೧೯೨೯ರಲ್ಲಿ ಅವನು ಮುಂದಿಟ್ಟ ‘ನೆರೆಹೊರೆಯ ಘಟಕ’ ಎಂಬ ಕಲ್ಪನೆಯ ನಡುವಿನಲ್ಲಿ ಇರುವುದು ಅಂಗಡಿಯಲ್ಲ, ಕಚೇರಿಯಲ್ಲ, ಒಂದು ಪ್ರಾಥಮಿಕ ಶಾಲೆ. ಶಾಲೆಯ ಸುತ್ತ ಮನೆಗಳು. ಮಗುವು ದೊಡ್ಡ ರಸ್ತೆಯನ್ನು ದಾಟದೆ ಶಾಲೆ ಸೇರುವಷ್ಟು ಹರವು. ಭಾರಿ ಸಂಚಾರವೆಲ್ಲ ಅಂಚಿನ ರಸ್ತೆಗಳಲ್ಲಿ. ನೆಲದ ಹತ್ತನೆಯ ಒಂದು ಭಾಗದಷ್ಟು ಬಯಲು ಮತ್ತು ತೋಟ. ಇತ್ತೀಚೆಗೆ ಪ್ಯಾರಿಸ್ಸಿನ ಪ್ರಾಧ್ಯಾಪಕ ಕಾರ್ಲೋಸ್ ಮೊರೆನೊ ಅವರು ೨೦೧೬ರಲ್ಲಿ ‘ಹದಿನೈದು ನಿಮಿಷದ ನಗರ’ವೆಂಬ ಮಾತನ್ನು ಮುಂದಿಟ್ಟರು. ನಿತ್ಯದ ಅಗತ್ಯಗಳೆಲ್ಲ ಹದಿನೈದು ನಿಮಿಷದ ನಡಿಗೆಯಲ್ಲೊ ಸೈಕಲ್ ಸವಾರಿಯಲ್ಲೊ ದೊರೆಯಬೇಕೆಂಬುದು ಅದರ ತಾತ್ಪರ್ಯ. ನಗರದ ಮರಗಳನ್ನು ಕುರಿತು ಅಧ್ಯಯನ ಮಾಡಿದ ಸೆಸಿಲ್ ಕೊನೈನೆಂಡೈಕ್ ಅವರು ೨೦೨೧ರಲ್ಲಿ ಇನ್ನೂ ಸರಳವಾದ ಸೂತ್ರ ಕೊಟ್ಟರು: ಪ್ರತಿ ಮನೆಯಿಂದ ಮೂರು ಮರ ಕಾಣಬೇಕು, ಪ್ರತಿ ನೆರೆಹೊರೆಯಲ್ಲಿ ನೂರಕ್ಕೆ ಮೂವತ್ತು ಭಾಗ ಮರದ ನೆರಳಿರಬೇಕು, ಮುನ್ನೂರು ಮೀಟರಿನೊಳಗೆ ಒಂದು ಹಸಿರು ತಾಣವಿರಬೇಕು. ಮುನ್ನೂರು ಮೀಟರು ಎಂದರೆ ಒಂದೂವರೆ ಫರ್ಲಾಂಗು. ಸದ್ದಿಲ್ಲದ ಬೆಳಗಿನ ಹೊತ್ತು ಗಟ್ಟಿ ಕೊರಳಿನವನು ಕೂಗಿದರೆ ಕೇಳಿಸಬಹುದಾದಷ್ಟು ದೂರ. ಇಷ್ಟು ದೇಶ ಸುತ್ತಿದ ಮೇಲೆ ಬಂದು ಸೇರಿದ್ದು ನಮ್ಮ ಕೂಗಳತೆಗೇ.

ಆದರೆ ‘ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು’ ಎಂಬ ಜಂಭಕ್ಕೆ ನಾನು ಈ ಮಾತನ್ನು ಹೇಳುತ್ತಿಲ್ಲ. ಇದ್ದದ್ದೇನು, ಇಲ್ಲದಿದ್ದುದೇನು ಎಂಬುದನ್ನು ಪದಗಳನ್ನೇ ಹಿಡಿದು ಪರಿಶೀಲಿಸುವುದು ಒಳಿತು.

ಮೊದಲು ಬೀದಿ. ಸಂಸ್ಕೃತದ ವೀಥಿಯ ತದ್ಭವ. ವೀಥಿಯೆಂದರೆ ಸಾಲು, ಮನೆಗಳ ಸಾಲು, ಮರಗಳ ಸಾಲು. ಗುಡಿಯ ಊರುಗಳಲ್ಲಿ ತೇರಿನ ಬೀದಿಯ ಅಗಲವನ್ನು ನಿಶ್ಚಯಿಸಿದ್ದು ತೇರು. ವರ್ಷಕ್ಕೊಮ್ಮೆ ರಥ ಸಾಗಿ, ಮೂಲೆಯಲ್ಲಿ ತಿರುಗಿ, ನೂರಾರು ಜನ ಮಿಣಿ ಹಿಡಿದು ಎಳೆಯಲು ಬೇಕಾದ ತಾವನ್ನು ಬಿಟ್ಟಿದ್ದರಿಂದ ಮಿಕ್ಕ ದಿನಗಳೆಲ್ಲ ಅದು ಮಕ್ಕಳ ಆಟದ ಅಂಗಳ, ರಾಗಿ ಒಣಗಿಸುವ ಕಣ, ಸಂಜೆಯ ಸಭಾಸ್ಥಾನವಾಗಿತ್ತು. ಹೊಳೆನರಸೀಪುರದಲ್ಲಿ ಲಕ್ಷ್ಮೀನರಸಿಂಹನ ಗುಡಿಯ ಸುತ್ತಣ ಬೀದಿಗಳಲ್ಲಿ ಒಮ್ಮೆ ಕಾಲ್ನಡಿಗೆಯಲ್ಲಿ ಸುತ್ತಿದವರಿಗೆ, ಹೇಮಾವತಿಯ ದಡದಲ್ಲಿ ಬೆಳೆದ ಹಳೆಯ ಊರು ಎಷ್ಟು ಅಡಕವಾದುದೆಂಬುದು ತಿಳಿಯುತ್ತದೆ. ಹೊಳೆ, ಗುಡಿ, ಪೇಟೆ ಮೂರೂ ಒಬ್ಬ ಮುದುಕನ ಬೆಳಗಿನ ನಡಿಗೆಗೆ ಎಟಕುತ್ತವೆ. ಊರಿನ ಹೆಸರಿನಲ್ಲೇ ಹೊಳೆಯನ್ನು ಇಟ್ಟುಕೊಂಡ ಜನ ಹೊಳೆಗೆ ಬೆನ್ನು ಮಾಡಿ ಮನೆ ಕಟ್ಟುವ ಕಾಲ ಬರಬಾರದಾಗಿತ್ತು.

ಎರಡನೆಯದು ಕಟ್ಟೆ. ಕಟ್ಟು ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ಅರಳಿಯ ಮರದ ಸುತ್ತ ಕಲ್ಲು ಕಟ್ಟಿ ಮಣ್ಣು ತುಂಬಿದರೆ ಅದು ಅರಳಿಕಟ್ಟೆ. ಇದಕ್ಕೆ ಬೇಲಿಯಿಲ್ಲ, ವೇಳೆಯಿಲ್ಲ, ಪ್ರವೇಶ ಶುಲ್ಕವಿಲ್ಲ. ನೆರಳು, ಆಸನ, ಸಂಭಾಷಣೆ ಮೂರನ್ನೂ ಇಷ್ಟು ಕಡಮೆ ವೆಚ್ಚದಲ್ಲಿ ಒದಗಿಸುವ ಬೇರೊಂದು ರಚನೆಯನ್ನು ನಾನು ಕಂಡಿಲ್ಲ. ಹೊಸ ಉದ್ಯಾನಗಳಲ್ಲಿ ಹುಲ್ಲುಹಾಸು, ಅಲಂಕಾರದ ತಾಳೆ, ಸಿಮೆಂಟಿನ ಜಿಂಕೆ ಇವೆ. ಮಧ್ಯಾಹ್ನ ಒಂದು ಗಂಟೆಗೆ ಕುಳಿತುಕೊಳ್ಳಲು ಒಂದು ನೆರಳಿಲ್ಲ.

ಮೂರನೆಯದು ತೋಪು. ಊರಿನ ಸಾರ್ವಜನಿಕ ಮರಗಳ ನೆಲವನ್ನು ಕಂದಾಯದ ಲೆಕ್ಕಪತ್ರಗಳು ಗುಂಡುತೋಪೆಂದು ಕರೆಯುತ್ತವೆ. ಮಾವು, ಹಲಸು, ಹುಣಸೆ, ಇಪ್ಪೆ, ಹೊಂಗೆಗಳನ್ನು ಹಾಕಿ ದಾರಿಹೋಕರಿಗೆ, ದನಕರುಗಳಿಗೆ, ಬಂಡಿ ಬಿಚ್ಚುವವರಿಗೆ ಬಿಟ್ಟ ಜಾಗ. ಹುಲಿಕಲ್ಲಿನಿಂದ ಕುದೂರಿನವರೆಗೆ ೩೮೫ ಆಲದ ಮರಗಳನ್ನು ಪತಿಯೊಡನೆ ಬೆಳೆಸಿ, ೨೦೨೫ರಲ್ಲಿ ನಮ್ಮನ್ನಗಲಿದ ಸಾಲುಮರದ ತಿಮ್ಮಕ್ಕನವರು ಓದಿದವರಲ್ಲ. ಆದರೆ ದಾರಿಯೆಂದರೆ ನೆರಳಿರಬೇಕೆಂಬ ಈ ಹಳೆಯ ಶಾಸ್ತ್ರವನ್ನು ಬಲ್ಲವರು.

ನಾಲ್ಕನೆಯದಾದ ಕೆರೆಯ ಬಳಿ ಸ್ವಲ್ಪ ನಿಲ್ಲಬೇಕು. ನಮ್ಮ ಸೀಮೆಯ ಊರುಗಳ ಹೆಸರುಗಳೆಲ್ಲ ನೀರಿನಲ್ಲಿ ತೊಯ್ದಿವೆ. ಚನ್ನರಾಯಪಟ್ಟಣದ ಹಳೆಯ ಹೆಸರು ಕೊಳತೂರು. ಕೊಳವಿದ್ದ ಊರೆಂದು ಅರ್ಥೈಸಲು ಅಡ್ಡಿಯಿಲ್ಲ. ಅದೇ ತಾಲ್ಲೂಕಿನ ಶ್ರವಣಬೆಳಗೊಳವು ಬಿಳಿಯ ಕೊಳ. ಎರಡು ಬೆಟ್ಟಗಳ ನಡುವೆ ಊರು, ಊರಿನ ನಡುವೆ ಕಲ್ಯಾಣಿ, ಯಾತ್ರಿಕನು ಕಾಲ್ನಡಿಗೆಯಲ್ಲಿಯೇ ಎಲ್ಲವನ್ನೂ ಕಾಣುವ ವಿನ್ಯಾಸ. ಅರಕಲಗೂಡಿನ ಹೆಸರು ಮಾತ್ರ ನೀರನ್ನು ಬಿಟ್ಟು ಸೂರ್ಯನನ್ನು ಹಿಡಿದಿದೆ. ಅರ್ಕನೆಂದರೆ ಸೂರ್ಯ, ಅಲ್ಲಿ ಅರ್ಕೇಶ್ವರನ ಗುಡಿಯಿದೆ. ಆದರೂ ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಸೋಪಾನಗಳಿವೆ. ನಾಲ್ಕು ಊರುಗಳಲ್ಲಿ ಅರಕಲಗೂಡೇ ಇಂದಿಗೂ ಚಿಕ್ಕದು. ತಡವಾಗಿ ಬೆಳೆಯುವ ಊರಿಗೆ ಇತರರ ತಪ್ಪನ್ನು ನೋಡಿ ಕಲಿಯುವ ಭಾಗ್ಯವುಂಟು.

ಹಾಸನದ ಮೂಲ ಊರು ಪಕ್ಕದ ಚನ್ನಪಟ್ಟಣವೆಂದು ಗೆಜೆಟಿಯರುಗಳು ದಾಖಲಿಸಿವೆ. ೨೦೧೧ರ ಜನಗಣತಿಯ ವೇಳೆಗೆ ಹಾಸನದ ಜನಸಂಖ್ಯೆ ಒಂದು ಲಕ್ಷ ಮೂವತ್ತು ಸಾವಿರವನ್ನು ದಾಟಿತ್ತು. ಈ ನಗರದ ಬಡಾವಣೆಗಳ ಹೆಸರನ್ನು ಒಂದು ಕಾಗದದ ಮೇಲೆ ಬರೆದು ನೋಡಿರಿ. ಹಾಸನಾಂಬೆಯ ಗುಡಿಯ ಬಳಿ ದೇವಿಗೆರೆ. ಸತ್ಯಮಂಗಲದ ಕೆರೆ. ಹುಣಸಿನಕೆರೆ ಎಂಬುದು ಕೆರೆಯ ಹೆಸರೂ ಹೌದು, ಬಡಾವಣೆಯ ಹೆಸರೂ ಹೌದು. ಕಟ್ಟಿನಕೆರೆ ಎಂದರೆ ಇಂದು ಯಾರಿಗೂ ನೀರು ನೆನಪಾಗುವುದಿಲ್ಲ, ಮಾರುಕಟ್ಟೆ ನೆನಪಾಗುತ್ತದೆ. ಶಬ್ದವು ಅರ್ಥಕ್ಕಿಂತ ದೀರ್ಘಾಯು ಎಂದು ಭಾಷಾಶಾಸ್ತ್ರದಲ್ಲಿ ಪಾಠ ಹೇಳುವಾಗ ನನಗೆ ಇದಕ್ಕಿಂತ ಉತ್ತಮವಾದ, ಇದಕ್ಕಿಂತ ಖೇದಕರವಾದ ಉದಾಹರಣೆ ಸಿಕ್ಕಿಲ್ಲ. ೨೦೧೭ರಿಂದ ಈಚೆಗೆ ಹಾಸನದ ಹಸಿರುಭೂಮಿ ಪ್ರತಿಷ್ಠಾನದವರು ಸುತ್ತಲಿನ ಹಲವು ಕೆರೆ ಕಲ್ಯಾಣಿಗಳ ಹೂಳೆತ್ತಲು ಜನರನ್ನು ಕೂಡಿಸಿದುದು ಸಮಾಧಾನದ ಸಂಗತಿ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದ್ದು ಕಾಯಕವೆಂದು ನಮ್ಮ ಶಾಲೆಯಲ್ಲಿ ಪಾಠ ಹೇಳುತ್ತೇವೆ. ಕೆರೆಯ ಹೂಳು ತೆಗೆಯುವುದೂ ಅದೇ ಕಾಯಕದ ಉತ್ತರಾರ್ಧ.

ಚನ್ನರಾಯಪಟ್ಟಣದ ಅಮಾನಿಕೆರೆಯ ಹೆಸರೂ ವಿಚಾರಾರ್ಹ. ಅಮಾನಿ ಎಂಬುದು ಅರಬ್ಬಿ ಮೂಲದ, ಕಂದಾಯದ ಆಡಳಿತದಿಂದ ಕನ್ನಡಕ್ಕೆ ಬಂದ ಪದ. ಯಾರಿಗೂ ಗುತ್ತಿಗೆಗೆ ಕೊಡದೆ ಸರಕಾರವೇ ನೇರವಾಗಿ ನೋಡಿಕೊಳ್ಳುವುದು ಎಂದು ಅದರ ರೂಢಾರ್ಥ. ನಂಬಿಕೆಯಿಂದ ಒಪ್ಪಿಸಿದ ಒತ್ತೆಯಾದ ಅಮಾನತ್ತು ಅದರ ಬಂಧು. ನಮ್ಮ ನಾಡಿನಲ್ಲಿ ಅಮಾನಿಕೆರೆಗಳು ಅನೇಕವಿವೆ. ಕೆರೆಯ ಅಂಗಳದಲ್ಲಿ ನಿವೇಶನ ಅಳೆಯುವವರಿಗೆ ಈ ಪದದ ಅರ್ಥ ಹೇಳಿಕೊಡುವ ಅವಕಾಶ ನನಗೆ ದೊರೆತಿಲ್ಲ.

ಇನ್ನು ಕೇರಿ. ಇಲ್ಲಿ ನನ್ನ ಲೇಖನಿ ತಡೆಯುತ್ತದೆ. ಶಾಸನಗಳಿಂದ ಮೊದಲ್ಗೊಂಡು ಇಂದಿನವರೆಗೆ ಬದುಕಿರುವ ಅಚ್ಚ ದ್ರಾವಿಡ ಪದವಿದು. ಬೀದಿ, ಓಣಿ ಎಂಬ ಅರ್ಥವೇ ಮೂಲ. ಆದರೆ ‘ಊರುಕೇರಿ’ ಎಂಬ ಜೋಡುನುಡಿಯಲ್ಲಿ ಊರು ಯಾರದು, ಕೇರಿ ಯಾರದು ಎಂಬುದನ್ನು ಹಳ್ಳಿಯಲ್ಲಿ ಬೆಳೆದ ಯಾರೂ ಕೇಳಿ ತಿಳಿಯಬೇಕಿಲ್ಲ. ಕವಿ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ ಈ ಹೆಸರನ್ನೇ ಇಟ್ಟರು. ನಾನು ಮೇಲೆ ಹೊಗಳಿದ ತೇರಿನ ಬೀದಿಯಲ್ಲಿ ಎಲ್ಲರೂ ನಡೆಯುವಂತಿರಲಿಲ್ಲ; ಕಟ್ಟೆಯ ಮೇಲೆ ಎಲ್ಲರೂ ಕೂರುವಂತಿರಲಿಲ್ಲ; ಕೆರೆಯ ಒಂದೇ ನೀರಿಗೆ ಬೇರೆ ಬೇರೆ ಸೋಪಾನಗಳಿದ್ದವು. ಕೂಗಿದರೆ ಕೇಳಿಸುವಷ್ಟು ದೂರದಲ್ಲಿದ್ದವರಿಗೆ ಓಗೊಡದಂತೆ ನಮ್ಮ ಹಿರಿಯರು ಕಿವಿಗಳನ್ನು ಪಳಗಿಸಿಕೊಂಡಿದ್ದರು. ಚರವಾಗಿ ಸಾಗುವವನನ್ನೇ ಜಂಗಮವೆಂದು ಪೂಜಿಸುವ ಪರಂಪರೆಗೆ ಸೇರಿದ ನಾವು, ನಡೆಯುವ ಹಕ್ಕನ್ನು ಕೆಲವರಿಗೆ ಮಾತ್ರ ಬಿಟ್ಟ ಊರನ್ನು ಆದರ್ಶವೆಂದು ಕರೆಯಲಾಗದು. ಆದುದರಿಂದ ಹಳೆಯ ಊರಿನಿಂದ ನಾವು ಪಡೆಯಬೇಕಾದುದು ಅದರ ಅಳತೆಯನ್ನು, ಅದರ ಗೋಡೆಗಳನ್ನಲ್ಲ.

ಶುಚಿತ್ವದಲ್ಲಿಯೂ ಹಳೆಯ ಪೇಟೆಗಳು ಹಿಂದುಳಿದಿದ್ದವು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯ ಜನ ತತ್ತರಿಸಿದರು. ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ತುಂಬಿ ಬೆಳೆದುದು ಆ ಪಿಡುಗಿನ ಹಿನ್ನೆಲೆಯಲ್ಲಿ. ಗೆರೆ ಹಾಕಿದಂತಹ ಬೀದಿಗಳು, ಮನೆಗಳ ಹಿಂದೆ ಕಸ ಸಾಗಿಸುವ ಓಣಿಗಳು, ಗಾಳಿ ಬೆಳಕಿಗೆ ಎಡೆ, ಮರದ ಸಾಲು, ಉದ್ಯಾನ. ಅವುಗಳಿಗೆ ಹೆಸರನ್ನು ಕೊಟ್ಟದ್ದು ನೆಲದ ಮೇಲಿದ್ದ ಹಳೆಯ ಗುಡಿಗಳೇ. ಒಂದು ದೊಡ್ಡ ಬಸವನದು, ಇನ್ನೊಂದು ಕಾಡುಮಲ್ಲೇಶ್ವರನದು. ಹೊಸದನ್ನು ಕಟ್ಟುವವರು ಹಳೆಯದನ್ನು ಅಳಿಸಬೇಕಾಗಿಲ್ಲ ಎಂಬುದಕ್ಕೆ ಅವು ಸಾಕ್ಷಿಯಾಗಿದ್ದವು. ಬಡಾವಣೆ ಎಂಬ ಪದ ಬೆಳೆಸು, ವಿಸ್ತರಿಸು ಎಂಬರ್ಥದ ಉತ್ತರದೇಶೀಯ ಧಾತುವಿನಿಂದ ಬಂದುದು. ಇಂದು ಅದು ಮೂವತ್ತು-ನಲವತ್ತು ಅಡಿಯ ನಿವೇಶನಗಳ ಪಟ್ಟಿಯೆಂಬ ಅರ್ಥಕ್ಕೆ ಇಳಿದಿದೆ. ಊರಿನಿಂದ ಎರಡು ಮೂರು ಮೈಲಿ ಆಚೆ, ಹೊಲದ ನಡುವೆ ಕಲ್ಲು ನೆಟ್ಟು, ಅಂಗಡಿ, ಶಾಲೆ, ಬಸ್ಸು ಯಾವುದೂ ಇಲ್ಲದ ಕಡೆ ಮನೆ ಕಟ್ಟಿಸಿಕೊಂಡ ನಿವೃತ್ತರು, ಮಗ ಬೆಂಗಳೂರಿನಲ್ಲಿರುವಾಗ ಒಂದು ಔಷಧದ ಚೀಟಿಗಾಗಿ ಆಟೋಗೆ ಕಾಯುತ್ತ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಸುತ್ತಲೂ ಗೋಡೆ ಹಾಕಿ ಹೆಬ್ಬಾಗಿಲಲ್ಲಿ ಕಾವಲಿಟ್ಟ ಬಡಾವಣೆಗಳೂ ತಲೆಯೆತ್ತುತ್ತಿವೆ. ಅವನ್ನು ಹೊಸ ಅಗ್ರಹಾರಗಳೆಂದರೆ ತಪ್ಪಾಗದು.

ಕಾನೂನು ಈ ವಿಷಯದಲ್ಲಿ ಬಡವಾಗಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ೧೯೭೬ರ ಅಧಿನಿಯಮವು ಬಡಾವಣೆಯ ನೆಲದಲ್ಲಿ ನೂರಕ್ಕೆ ಹದಿನೈದು ಭಾಗಕ್ಕೆ ಕಡಮೆಯಿಲ್ಲದಂತೆ ಉದ್ಯಾನ ಆಟದ ಬಯಲುಗಳಿಗೂ, ಅದರ ಮೇಲೆ ಹತ್ತು ಭಾಗವನ್ನು ನಾಗರಿಕ ಸೌಕರ್ಯಗಳಿಗೂ ಮೀಸಲಿಡಬೇಕೆಂದಿತು. ಇಡೀ ರಾಜ್ಯಕ್ಕೆ ಅನ್ವಯಿಸುವಂತೆ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಸಂರಕ್ಷಣೆಗೆ ೧೯೮೫ರ ಅಧಿನಿಯಮವಿದೆ. ಬೆಂಗಳೂರಿನಲ್ಲಿ ಉದ್ಯಾನಕ್ಕೆ ಮೀಸಲಾದ ನೆಲವೊಂದನ್ನು ಖಾಸಗಿ ಶುಶ್ರೂಷಾಲಯಕ್ಕೆ ಕೊಟ್ಟದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿದಾಗ, ಅದು ಸಲ್ಲದೆಂದೂ ಪ್ರಶ್ನಿಸಲು ನಿವಾಸಿಗಳಿಗೆ ಅಧಿಕಾರವುಂಟೆಂದೂ ಸರ್ವೋಚ್ಚ ನ್ಯಾಯಾಲಯ ೧೯೯೧ರಲ್ಲಿ ತೀರ್ಪು ಕೊಟ್ಟಿತು. ತೆರೆದ ಬಯಲು ಪ್ರಭುತ್ವದ ಕೃಪೆಯಲ್ಲ, ಜನರ ಆರೋಗ್ಯಕ್ಕೆ ಬೇಕಾದ ಹಕ್ಕು ಎಂಬುದು ಅಲ್ಲಿಂದೀಚೆಗೆ ನೆಲೆಗೊಂಡ ಮಾತು.

ಆದರೂ ನಾನು ವಾಸವಾಗಿರುವ ಬಡಾವಣೆಯ ಕಥೆ ಹೇಳಿಬಿಡುತ್ತೇನೆ. ನಕ್ಷೆಯಲ್ಲಿ ಉದ್ಯಾನವೆಂದು ಹಸಿರು ಬಣ್ಣ ಬಳಿದ ಮೂಲೆಯೊಂದಿದೆ. ಬಹುಕಾಲ ಅಲ್ಲಿ ಲಂಟಾನ ಬೆಳೆದಿತ್ತು. ಅನಂತರ ತಂತಿಬೇಲಿ ಬಂತು, ಕಬ್ಬಿಣದ ಗೇಟು ಬಂತು, ಗೇಟಿಗೆ ಬೀಗ ಬಂತು. ಬೀಗದ ಕೈ ಯಾರಲ್ಲಿದೆಯೆಂದು ಮೂರು ಕಡೆ ವಿಚಾರಿಸಿದೆ. ಮೂವರೂ ಮಿಕ್ಕ ಇಬ್ಬರ ಕಡೆ ಕೈ ತೋರಿಸಿದರು. ಒಳಗೆ ನೆಟ್ಟ ಹೊಂಗೆ ಚೆನ್ನಾಗಿ ಬೆಳೆದಿದೆ. ಅದರ ನೆರಳು ಸಂಜೆ ನಾಲ್ಕರ ಮೇಲೆ ಬೇಲಿಯ ಹೊರಕ್ಕೆ ಬೀಳುತ್ತದೆ. ಮುದುಕರು ಅಲ್ಲಿ, ಬೇಲಿಯ ಹೊರಗೆ, ರಸ್ತೆಯ ಅಂಚಿನಲ್ಲಿ, ಮೋರಿಯ ಕಲ್ಲಿನ ಮೇಲೆ ಕೂರುತ್ತಾರೆ. ನಾನೂ ಅವರಲ್ಲೊಬ್ಬ.

ದೊಡ್ಡ ಉದ್ಯಾನಗಳನ್ನು ನಾನು ಅಲ್ಲಗಳೆಯುವುದಿಲ್ಲ. ಹಾಸನದ ನಡುವಿನ ಮಹಾರಾಜ ಉದ್ಯಾನವಿಲ್ಲದಿದ್ದರೆ ಆ ನಗರದ ಉಸಿರು ಎಷ್ಟು ಬಿಗಿಯುತ್ತಿತ್ತೆಂಬುದನ್ನು ಅಲ್ಲಿನವರೇ ಬಲ್ಲರು. ಆದರೆ ಹೊರಬಡಾವಣೆಯ ಮಗುವಿಗೆ ಅದು ದೂರ. ಒಂದು ದೊಡ್ಡ ತೋಟಕ್ಕಿಂತ ಕೂಗಳತೆಗೊಂದರಂತೆ ಹತ್ತು ಸಣ್ಣ ಕಟ್ಟೆಗಳು ಹೆಚ್ಚು ಜನರನ್ನು ಮನೆಯಿಂದ ಹೊರಗೆ ಕರೆತರುತ್ತವೆ. ಅಲ್ಲಿಗೆ ಸೇರುವ ದಾರಿಯೂ ಅಷ್ಟೇ ಮುಖ್ಯ. ಭಾರತೀಯ ರಸ್ತೆ ಕಾಂಗ್ರೆಸ್ಸು ಪಾದಚಾರಿಗಳಿಗಾಗಿ ೨೦೧೨ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ಕಾಲುದಾರಿಯಲ್ಲಿ ಅಡೆತಡೆಯಿಲ್ಲದ ಅಗಲ ೧.೮ ಮೀಟರಿಗೆ ಕಡಮೆಯಿರಬಾರದು, ಎತ್ತರ ೧೫೦ ಮಿಲಿಮೀಟರನ್ನು ಮೀರಬಾರದು. ಎಂದರೆ ಅಗಲ ಆರಡಿ, ಎತ್ತರ ಒಂದು ಗೇಣಿಗಿಂತ ಕಡಮೆ. ಮೊಣಕಾಲೆತ್ತರಕ್ಕೆ ಕಟ್ಟಿ, ಪ್ರತಿ ಮನೆಯ ಮುಂದೆ ಇಳಿಸಿ ಏರಿಸಿ, ನಡುವೆ ವಿದ್ಯುತ್ ಪೆಟ್ಟಿಗೆ ನಿಲ್ಲಿಸಿದ ಕಾಲುದಾರಿಯನ್ನು ಬಿಟ್ಟು ಜನ ರಸ್ತೆಗಿಳಿದರೆ ಅದು ಜನರ ಅಶಿಸ್ತಲ್ಲ.

ನಮ್ಮ ವಿದ್ಯಾಸಂಸ್ಥೆಯ ಹಳೆಯ ವಿದ್ಯಾರ್ಥಿಗಳಲ್ಲಿ ಅಭಿಯಂತರರಿದ್ದಾರೆ, ಪುರಸಭೆಯ ಸದಸ್ಯರಾದವರಿದ್ದಾರೆ, ಬಡಾವಣೆ ಮಾಡಿಸಿದವರೂ ಇದ್ದಾರೆ. ದಾನಿಗಳು ಪ್ರತಿವರ್ಷ ಕೊಠಡಿ ಕಟ್ಟಿಸಿಕೊಡುತ್ತಾರೆ, ಗೋಡೆಯ ಮೇಲೆ ಅವರ ಹೆಸರು ಬರೆಯುತ್ತೇವೆ. ಶಾಲೆಯ ಹೆಬ್ಬಾಗಿಲಿನಿಂದ ಒಂದು ಕೂಗಳತೆಯ ದಾರಿಗೆ ಆರಡಿಯ ಕಾಲುದಾರಿ, ಇಪ್ಪತ್ತು ಹೆಜ್ಜೆಗೊಂದು ಹೊಂಗೆ ಅಥವಾ ಬೇವು, ನಡುವೆ ಒಂದು ಕಟ್ಟೆ, ರಸ್ತೆ ದಾಟುವೆಡೆಯಲ್ಲಿ ಬೆಳಗ್ಗೆ ಒಂದು ಗಂಟೆ ಸಂಜೆ ಒಂದು ಗಂಟೆ ನಿಲ್ಲುವ ಒಬ್ಬ ಕಾವಲುಗಾರ, ಇಷ್ಟಕ್ಕೆ ತಗಲುವ ವೆಚ್ಚವನ್ನು ಪುರಸಭೆಯ ಅನುಮತಿಯೊಡನೆ ಲೆಕ್ಕ ಹಾಕಿಸಬೇಕೆಂದು ಆಡಳಿತ ಮಂಡಳಿಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಕಟ್ಟೆಗೆ ಯಾರ ಹೆಸರನ್ನೂ ಬರೆಯುವುದು ಬೇಡ, ಬೇಲಿಯೂ ಬೇಡ.

ಪ್ರಬಂಧದಲ್ಲಿ ನಾಲ್ಕು ಸಾಲು ಬರೆದಿದ್ದ ಆ ಹುಡುಗನನ್ನು ಈ ವರ್ಷ ಒಂದು ಶನಿವಾರ ಶಾಲೆಯಿಂದ ಅವನ ಮನೆಯವರೆಗೆ ನಾನೇ ನಡೆಸಿಕೊಂಡು ಹೋದೆ. ಹೆಜ್ಜೆ ಎಣಿಸುವ ಕೆಲಸ ಅವನದು. ಒಂದು ಸಾವಿರದ ನಲವತ್ತು ಆಯಿತು. ದಾರಿಯಲ್ಲಿ ಎರಡು ಕಡೆ ಚಪ್ಪಡಿ ಕುಸಿದಿತ್ತು, ಒಂದು ಕಡೆ ರಸ್ತೆ ದಾಟಲು ಐದು ನಿಮಿಷ ನಿಂತೆವು. ನೇರಳೆಯ ಮರ ಯಾವುದೆಂದು ಅವನಿಗೆ ತೋರಿಸಿದೆ. ಆ ಮರ ತನ್ನ ಮನೆಯ ಮಹಡಿಯಿಂದ ಕಾಣುತ್ತದೆಂದೂ, ಅದು ನೇರಳೆಯೆಂದು ತಿಳಿದಿರಲಿಲ್ಲವೆಂದೂ ಅವನು ಹೇಳಿದ.